ತಲೆಯಾಡಿಸಿದ ಮಾತ್ರಕ್ಕೆ ಒಪ್ಪಂದವಾಗದು

ಹೊರದೇಶಗಳೊಡನೆ ವ್ಯವಹರಿಸುವುದು ಇಂದು ದೊಡ್ಡ ಸಂಸ್ಥೆಗಳಿಗಷ್ಟೇ ಮೀಸಲಾಗಿ ಉಳಿದಿಲ್ಲ. ಪೀಣ್ಯದ ಸಣ್ಣ ಕಾರ್ಖಾನೆಯ ಮಾಲೀಕರೂ ವಸ್ತುಪ್ರದರ್ಶನಗಳಲ್ಲಿ ವಿದೇಶೀ ಖರೀದಿದಾರರ ಎದುರು ಕುಳಿತು ದರದ ಮಾತುಕತೆ ನಡೆಸುತ್ತಾರೆ. ಇದಕ್ಕೆ ಇಂಗ್ಲಿಷ್, ದರಪಟ್ಟಿ ಮತ್ತು ಮಾದರಿ ಸರಕು ಇದ್ದರೆ ಸಾಕೆಂಬ ಭಾವನೆ ಉದ್ಯಮ ವಲಯದಲ್ಲಿ ಬೇರೂರಿದೆ. ನಾಲಿಗೆಯೊಡನೆ ಕಣ್ಣು, ಕೈ, ತಲೆಗಳೂ ಮಾತನಾಡುತ್ತವೆ. ಆ ಮಾತಿನ ಅರ್ಥ ದೇಶದಿಂದ ದೇಶಕ್ಕೆ ಬದಲಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ.

ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ ಅವರು 1959ರಲ್ಲಿ ‘ದ ಸೈಲೆಂಟ್ ಲ್ಯಾಂಗ್ವೇಜ್’ ಎಂಬ ಗ್ರಂಥದಲ್ಲಿ ಈ ಮೌನ ಭಾಷೆಯನ್ನು ವಿವರಿಸಿದರು. ಮರುವರ್ಷವೇ ಅದನ್ನು ವಿದೇಶ ವ್ಯಾಪಾರಕ್ಕೆ ಅನ್ವಯಿಸಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ದಲ್ಲಿ ಲೇಖನ ಬರೆದರು. ಹೆಬ್ಬೆರಳು ಮತ್ತು ತೋರುಬೆರಳನ್ನು ಕೂಡಿಸಿ ತೋರಿಸುವ ವೃತ್ತ ಅಮೆರಿಕದಲ್ಲಿ ‘ಸರಿ’ ಎಂಬುದರ ಗುರುತು. ಜಪಾನಿನಲ್ಲಿ ಅದು ಹಣವನ್ನೂ ಸೂಚಿಸಬಹುದು. ಬ್ರೆಜಿಲ್‌ನಲ್ಲಿ ಅಶ್ಲೀಲ ಬೈಗುಳ. ಬಲ್ಗೇರಿಯದಲ್ಲಿ ತಲೆಯನ್ನು ಮೇಲೆ ಕೆಳಗೆ ಆಡಿಸಿದರೆ ವಾಡಿಕೆಯಂತೆ ‘ಇಲ್ಲ’ ಎಂದರ್ಥ.

ಇಂಥ ತಪ್ಪುಗ್ರಹಿಕೆಯಿಂದ ಆಗುವುದು ಮುಜುಗರ ಮಾತ್ರವಲ್ಲ, ನಷ್ಟವೂ ಹೌದು. ಜಪಾನೀಯರು ಮಾತುಕತೆಯ ನಡುವೆ ತಲೆಬಾಗಿಸಿ ‘ಹಾಯ್’ ಎಂದರೆ ಅನೇಕ ವೇಳೆ ‘ಕೇಳಿಸಿಕೊಳ್ಳುತ್ತಿದ್ದೇನೆ’ ಎಂದಷ್ಟೇ ಅರ್ಥ. ಅದನ್ನೇ ಒಪ್ಪಿಗೆಯೆಂದು ನಂಬಿ ಕಚ್ಚಾವಸ್ತು ಖರೀದಿಸಿದ ಉದ್ದಿಮೆದಾರನ ದುಡಿಮೆ ಬಂಡವಾಳ ಗೋದಾಮಿನಲ್ಲಿ ಸಿಕ್ಕಿಬೀಳುತ್ತದೆ. ದರ ಕೇಳಿದ ಮೇಲೆ ಅವರು ತಾಳುವ ಮೌನವೂ ಸಾಮಾನ್ಯವಾಗಿ ಆಲೋಚನೆಯ ಗುರುತು, ನಿರಾಕರಣೆಯದಲ್ಲ. ಆ ಮೌನಕ್ಕೆ ಅಂಜಿ ತಾನಾಗಿಯೇ ದರ ಇಳಿಸುವವನು ಯಾರೂ ಕೇಳದ ರಿಯಾಯಿತಿ ಕೊಟ್ಟಂತಾಗುತ್ತದೆ.

ದೋಷ ಹೊರಗಿನವರದಷ್ಟೇ ಅಲ್ಲ. ಭಾರತೀಯರು ತಲೆಯನ್ನು ಅತ್ತಿತ್ತ ವಾಲಿಸುವ ರೀತಿಯಲ್ಲಿ ‘ಆಗಲಿ’, ‘ನೋಡೋಣ’, ‘ತಿಳಿಯಿತು’ ಎಂಬ ಮೂರೂ ಅರ್ಥಗಳು ಅಡಗಿವೆ. ಎದುರಿಗಿರುವವರಿಗೆ ‘ಆಗುವುದಿಲ್ಲ’ ಎನ್ನುವ ದಾಕ್ಷಿಣ್ಯವೂ ಅದರಲ್ಲಿ ಬೆರೆತಿರುತ್ತದೆ. ‘ಮೂವತ್ತು ದಿನಗಳಲ್ಲಿ ಸರಕು ಸಿಗುವುದೇ?’ ಎಂದು ಕೇಳಿದ ಜರ್ಮನ್ ಖರೀದಿದಾರ ಇದನ್ನು ವಚನವೆಂದು ಬರೆದುಕೊಳ್ಳುತ್ತಾನೆ. ಸರಕು ತಡವಾದಾಗ ಆತನ ದೃಷ್ಟಿಯಲ್ಲಿ ಅದು ವಚನಭಂಗ. ಸಣ್ಣ ಉದ್ದಿಮೆದಾರನ ಪಾಲಿಗೆ ಅದು ಎರಡನೆಯ ಆರ್ಡರ್ ಕೈತಪ್ಪುವ ಕಾರಣ.

ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಸಮ್ಮತಿ ಎನಿಸುತ್ತದೆ ಎಂದು 1872ರ ಭಾರತೀಯ ಕರಾರು ಕಾಯಿದೆಯ 13ನೆಯ ಕಲಂ ಹೇಳುತ್ತದೆ. ಆಂಗಿಕ ಸನ್ನೆಯಲ್ಲಿ ಕೊರತೆಯಾಗುವುದು ಈ ‘ಒಂದೇ ಅರ್ಥ’ವೇ. ಪ್ರತಿ ದೇಶದ ಸನ್ನೆಗಳನ್ನೂ ಕಂಠಪಾಠ ಮಾಡುವುದು ಸಾಧ್ಯವೂ ಅಲ್ಲ, ಅಗತ್ಯವೂ ಇಲ್ಲ. ‘ಆಗುತ್ತದೆಯೇ?’ ಎಂದು ಕೇಳುವ ಬದಲು ‘ಯಾವ ದಿನ? ಎಷ್ಟು ಪ್ರಮಾಣ?’ ಎಂದು ಕೇಳಿದರೆ ಎದುರಿನವರು ತಲೆಯಾಡಿಸಿ ಉತ್ತರಿಸಲಾರರು. ಭೇಟಿಯ ಕೊನೆಗೆ ಸರಕು, ದರ, ಗಡುವು, ಪಾವತಿಯ ನಿಬಂಧನೆಗಳನ್ನು ಗಟ್ಟಿಯಾಗಿ ಓದಿ ಹೇಳಬೇಕು. ಅಂದೇ ಇ-ಮೇಲ್ ಮೂಲಕ ಕಳುಹಿಸಬೇಕು. ಲಿಖಿತ ಆರ್ಡರ್ ಕೈಸೇರುವವರೆಗೆ ಕಚ್ಚಾವಸ್ತುವಿಗೆ ಹಣ ಹೂಡಬಾರದು. ಆಗದ ಕೆಲಸವನ್ನು ವಿನಯದಿಂದಲೇ ‘ಆಗದು’ ಎನ್ನುವುದನ್ನೂ ರೂಢಿಸಿಕೊಳ್ಳಬೇಕು.

ವಾಣಿಜ್ಯ ಸಂಸ್ಥೆಗಳು ನಡೆಸುವ ರಫ್ತು ತರಬೇತಿಗಳಲ್ಲಿ ಸುಂಕ, ವಿಮೆ, ಬ್ಯಾಂಕ್ ದಾಖಲೆಗಳಿಗೆ ಸಿಗುವ ಮಹತ್ವದಲ್ಲಿ ಒಂದಂಶವಾದರೂ ಈ ವಿಷಯಕ್ಕೆ ಸಲ್ಲಬೇಕಾಗಿದೆ. ಸನ್ನೆಯಿಂದ ಸ್ನೇಹ ಬೆಳೆಯಲಿ; ವ್ಯಾಪಾರ ಮಾತ್ರ ಬರಹದಲ್ಲಿ ಕುದುರಲಿ.