ನೋಹನ ಹಡಗಿಗೆ ಎಷ್ಟು ಮೊಳ?

ಏಪ್ರಿಲ್ ತಿಂಗಳಲ್ಲಿ ಶಾಲೆಗೆ ಸೂಟಿ ಬಿಟ್ಟ ಮರುದಿನದಿಂದಲೇ ಪಾಲಕರು ಮಾಸ್ತರರಿಗೆ ಕೇಳುವ ಪ್ರಶ್ನೆ ಒಂದೇ. ‘ಸರ, ಇನ್ನ ಈ ಹುಡುಗರನ್ನ ಏನ್ ಮಾಡೂದ್ರಿ?’ ವರ್ಷವಿಡೀ ನಾವು ಸಂಭಾಳಿಸಿದ್ದೇವೆ, ಇನ್ನು ನಿಮ್ಮ ಪಾಳಿ ಎಂದು ನಕ್ಕು ತಪ್ಪಿಸಿಕೊಳ್ಳುವುದು ನನ್ನ ರೂಢಿ. ಕೆಲವು ವರ್ಷಗಳ ಹಿಂದೆ ಒಮ್ಮೆ ಹಾಗೆ ತಪ್ಪಿಸಿಕೊಳ್ಳಲು ಆಗಲಿಲ್ಲ. ಕುಂದಗೋಳ ತಾಲ್ಲೂಕಿನ ಹಳ್ಳಿಯೊಂದರ ಚಿಕ್ಕ ಚರ್ಚಿನ ಸಭಾಪಾಲಕರು ಮನೆಗೇ ಬಂದು ಕುಳಿತರು. ಸೂಟಿಯಲ್ಲಿ ಐದು ದಿನ ಮಕ್ಕಳ ಶಿಬಿರ ಮಾಡುವವರಿದ್ದರು. ‘ಹಾಡು, ಕಥಿ ನಾವು ನೋಡ್ಕೋತೇವ್ರಿ. ಆಟ ಆಡಸಾಕ ಮಂದಿ ಇಲ್ಲ. ವಿಜ್ಞಾನದ ಮಾಸ್ತರು ನೀವು, ಏನರೆ ಮಾಡಿ ತೋರಸ್ರಿ’ ಎಂದರು. ನಾನು ಆ ಸಭೆಯವನಲ್ಲ. ಆದರೆ ಅವರ ಮಕ್ಕಳಲ್ಲಿ ಐದಾರು ಮಂದಿ ನನ್ನ ವಿದ್ಯಾರ್ಥಿಗಳು. ಒಪ್ಪಿಕೊಂಡೆ.

ಇಂಥ ಶಿಬಿರದ ಹಿಂದಿನ ಕಥೆ ಓದುಗರಿಗೆ, ಅದರಲ್ಲೂ ಪತ್ರಿಕೆ ಓದುವವರಿಗೆ, ಹಿಡಿಸಬಹುದು. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕೆಯ ಮಾಲೀಕನಿದ್ದ. ಅಲ್ಲಿಯ ಬಡ ಮಕ್ಕಳು ವಾರದ ಆರು ದಿನ ದುಡಿದು ರವಿವಾರ ಮಾತ್ರ ಬೀದಿಯಲ್ಲಿರುತ್ತಿದ್ದರು. 1780ರಲ್ಲಿ ಅವರಿಗಾಗಿ ಅವನು ರವಿವಾರದ ಶಾಲೆ ತೆರೆದ. ಅಲ್ಲಿ ಕಲಿಸಿದ ಮೊದಲ ವಿದ್ಯೆ ಓದು. ಸೂಟಿಯ ಶಾಲೆ ಅದಕ್ಕಿಂತ ಬಹಳ ಈಚಿನದು. 1898ರಲ್ಲಿ ನ್ಯೂಯಾರ್ಕಿನ ಹಾಸ್ ಎಂಬಾಕೆ, ಬೇಸಿಗೆಯಲ್ಲಿ ಬೀದಿ ಸುತ್ತುವ ಮಕ್ಕಳಿಗೆ ಜಾಗ ಸಿಗದೆ, ಒಂದು ಬಿಯರ್ ಅಂಗಡಿಯ ಹಾಲನ್ನೇ ಬಾಡಿಗೆಗೆ ಹಿಡಿದು ಶಾಲೆ ನಡೆಸಿದಳು. ಅದೇ ಮುಂದೆ ಊರೂರಿಗೆ ಹಬ್ಬಿ, ನಮ್ಮ ಕಡೆ ‘ವಿ.ಬಿ.ಎಸ್.’ ಎಂಬ ಮೂರಕ್ಷರವಾಗಿದೆ. ನಮ್ಮ ಭಾಗಕ್ಕೆ ಬಾಸೆಲ್ ಮಿಶನ್ನಿನವರು ಬಂದದ್ದು ಇದಕ್ಕೂ ಮೊದಲು. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ. ನಾವು ಇಂದಿಗೂ ಕಪಾಟಿನಿಂದ ಇಳಿಸಿ ನೋಡುವ 1894ರ ಕನ್ನಡ ನಿಘಂಟಿನ ಕಿಟೆಲ್ ಸಾಹೇಬರೂ ಅದೇ ಮಿಶನ್ನಿನವರೇ.

ಮೊದಲ ದಿನ ಇಪ್ಪತ್ತು ಮಕ್ಕಳು ಬಂದಿದ್ದರು. ತರುಣರೊಬ್ಬರು ಸಂಗೀತ ಕುರ್ಚಿ ಆಡಿಸೋಣವೆಂದರು. ನಾನು ಮಕ್ಕಳನ್ನು ಕೂಡಿಸಿ ಒಂದು ಲೆಕ್ಕ ಕೊಟ್ಟೆ. ಇಪ್ಪತ್ತು ಮಂದಿಗೆ ಹತ್ತೊಂಬತ್ತು ಸುತ್ತು. ಮೊದಲ ಸುತ್ತಿನಲ್ಲೇ ಔಟಾದವನು ಎಷ್ಟು ಸುತ್ತು ಕುಳಿತು ನೋಡಬೇಕು? ಹದಿನೆಂಟು. ಮೊದಲು ಔಟಾಗುವವರು ಯಾರು? ಎಲ್ಲರೂ ಒಬ್ಬ ಚಿಕ್ಕ ಹುಡುಗನ ಕಡೆ ನೋಡಿದರು. ಅವನು ತಲೆ ತಗ್ಗಿಸಿದ. ಹೆಚ್ಚು ಆಟ ಬೇಕಾದವನಿಗೆ ಎಲ್ಲಕ್ಕಿಂತ ಕಡಿಮೆ ಆಟ. ನಮ್ಮ ಶಾಲೆಗಳಲ್ಲೂ ನಾವು ಇದನ್ನೇ ಮಾಡುತ್ತೇವೆ ಎನ್ನುವುದು ಬೇರೆ ಮಾತು.

ಕುರ್ಚಿ ಬಿಟ್ಟು ಹಳೆಯ ಪತ್ರಿಕೆಯ ಹಾಳೆ ತರಿಸಿದೆ. ನಾಲ್ವರಿಗೆ ಒಂದು ಹಾಳೆ. ಅದು ದೋಣಿ, ನೆಲವೆಲ್ಲ ಗಲಿಲಾಯ ಸರೋವರ. ಶಿಷ್ಯರ ದೋಣಿ ಬಿರುಗಾಳಿಗೆ ಸಿಕ್ಕ ಕಥೆಯನ್ನು ಸಭಾಪಾಲಕರು ಆಗ ತಾನೇ ಹೇಳಿದ್ದರು. ಗಾಳಿ ಬಂತು ಎಂದಾಗಲೆಲ್ಲ ಹಾಳೆಯನ್ನು ಅರ್ಧಕ್ಕೆ ಮಡಚಬೇಕು, ನಾಲ್ವರೂ ಅದರ ಮೇಲೆಯೇ ನಿಲ್ಲಬೇಕು, ಒಬ್ಬರ ಕಾಲು ನೆಲಕ್ಕೆ ತಾಗಿದರೂ ದೋಣಿ ಮುಳುಗಿದ ಹಾಗೆ. ಮೂರು ಮಡಿಕೆಗೆ ಹಾಳೆ ಎಂಟನೆಯ ಒಂದು ಭಾಗವಾಗುತ್ತದೆ. ಆಗ ನೋಡಿ ಮಜಾ! ಚಿಕ್ಕ ಹುಡುಗನನ್ನು ತಮ್ಮ ದೋಣಿಗೆ ಕರೆಯಲು ನಾಲ್ಕು ಗುಂಪುಗಳು ಜಗಳಾಡಿದವು. ಹೆಗಲ ಮೇಲೆ ಹೊರಲು ಅವನೇ ಹಗುರ!

ಎರಡನೇ ದಿನ ನೋಹನ ನಾವೆ. ಅದರ ಅಳತೆ ಬೈಬಲಿನಲ್ಲೇ ಇದೆ. ಉದ್ದ ಮುನ್ನೂರು ಮೊಳ, ಅಗಲ ಐವತ್ತು, ಎತ್ತರ ಮೂವತ್ತು. ಕಥೆ ಕೇಳಿದ ಮಕ್ಕಳಿಗೆ ‘ಮುನ್ನೂರು’ ಎನ್ನುವುದು ಬರೀ ಶಬ್ದ. ಅಳೆಯೋಣ ಬರ್ರಿ ಎಂದೆ. ಚರ್ಚಿನ ಅಂಗಳ ಸಾಲುವುದಿಲ್ಲವೆಂದು ಬೆಳಿಗ್ಗೆ ಏಳಕ್ಕೆ, ಬಿಸಿಲೇರುವ ಮೊದಲು, ಕೊಯ್ಲಾಗಿ ಬಿರುಕು ಬಿಟ್ಟಿದ್ದ ಎರೆ ಹೊಲಕ್ಕೆ ಹೊರಟೆವು. ಹೊಲದ ಗೌಡರು ಇದೇನೋ ಸರ್ಕಾರದ ಸರ್ವೆ ಇರಬೇಕೆಂದು ಗಾಬರಿಯಾಗಿ ಓಡಿ ಬಂದದ್ದೂ ಆಯಿತು.

ಮೊಳ ಎಂದರೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ. ಯಾರ ಮೊಳ? ಮೂರನೇ ಇಯತ್ತೆಯ ಹುಡುಗಿಯದು 34 ಸೆಂಟಿಮೀಟರ್ ಬಂತು, ಸಭಾಪಾಲಕರದು 47. ಹುಡುಗಿಯ ಮೊಳದಿಂದ ಕಟ್ಟಿದರೆ ನಾವೆ 102 ಮೀಟರ್, ಸಭಾಪಾಲಕರ ಮೊಳದಿಂದ 141 ಮೀಟರ್. ಒಂದೇ ಗ್ರಂಥ, ಒಂದೇ ಸಂಖ್ಯೆ, 39 ಮೀಟರಿನ ಅಂತರ! ‘ಅದಕ್ಕs ನಮ್ಮವ್ವ ಉದ್ದ ಕೈ ಇದ್ದಾಕಿ ಕಡೆ ಹೂ ತೊಗೋತಾಳ’ ಎಂದಳೊಬ್ಬಳು. ದೇಶಕ್ಕೆಲ್ಲ ಒಂದೇ ಅಳತೆ ಇರಲೆಂದು 1956ರಲ್ಲಿ ಕಾಯಿದೆ ಮಾಡಿ ಮೀಟರ್, ಕಿಲೊ ತಂದದ್ದು ಏಕೆ ಎಂದು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅಷ್ಟು ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. ವಿದ್ವಾಂಸರು ಸಾಮಾನ್ಯವಾಗಿ ಒಂದು ಮೊಳಕ್ಕೆ ಸುಮಾರು 45 ಸೆಂಟಿಮೀಟರ್ ಹಿಡಿಯುತ್ತಾರೆ. ನಾವೂ ಅದನ್ನೇ ಹಿಡಿದು, ಹಗ್ಗಕ್ಕೆ ಹತ್ತು ಮೊಳಕ್ಕೊಂದರಂತೆ ಬಟ್ಟೆಯ ಚಿಂದಿ ಕಟ್ಟಿ, 135 ಮೀಟರ್ ಎಳೆದೆವು. ಆ ತುದಿಯಲ್ಲಿ ನಿಂತ ಹುಡುಗ ಈ ತುದಿಯಿಂದ ಹೆಬ್ಬೆರಳಷ್ಟು ಕಂಡ.

ಕೂಡಲೇ ಪ್ರಶ್ನೆ ಬಂತು. ‘ಇಷ್ಟರೊಳಗ ಎಲ್ಲಾ ಪ್ರಾಣಿ ಹಿಡಸ್ತಾವೇನ್ರಿ?’ ನಾನು ಸಭಾಪಾಲಕರ ಮುಖ ನೋಡಿದೆ. ‘ಸಣ್ಣಾಂವ ಇದ್ದಾಗ ನಾನೂ ಇದನ್ನ ಕೇಳಿದ್ದೆ. ಇನ್ನೂ ಉತ್ತರ ಸಿಕ್ಕಿಲ್ಲಪಾ’ ಎಂದರು ಅವರು. ಮಕ್ಕಳಿಗೆ ಆ ಉತ್ತರ ಬಹಳ ಹಿಡಿಸಿತು. ನನಗೂ.

ಅಂದು ಸಂಜೆ ಗೋಡೆಯ ಮೇಲೆ ಇದ್ದಿಲಿನಿಂದ ಗೊಲ್ಯಾತನನ್ನು ಬರೆದೆವು. ಆರು ಮೊಳ ಒಂದು ಗೇಣು, ಅಂದರೆ ಸುಮಾರು 292 ಸೆಂಟಿಮೀಟರ್. ತಲೆ ಬರೆಯಲು ಏಣಿ ಬೇಕಾಯಿತು. ಆದರೆ ಮೃತ ಸಮುದ್ರದ ಬಳಿಯ ಗವಿಗಳಲ್ಲಿ ಸಿಕ್ಕ ಹಳೆಯ ಹಸ್ತಪ್ರತಿಯಲ್ಲಿ, ಪ್ರಾಚೀನ ಗ್ರೀಕ್ ಅನುವಾದದಲ್ಲಿ, ಅವನ ಎತ್ತರ ನಾಲ್ಕು ಮೊಳ ಒಂದು ಗೇಣು ಎಂದಿದೆ. ಅದು ಸುಮಾರು 202 ಸೆಂಟಿಮೀಟರ್. ನಮ್ಮ ಊರಿನ ಕಬಡ್ಡಿ ತಂಡದಲ್ಲಿ ಅದಕ್ಕಿಂತ ಒಂದು ಗೇಣು ಕಡಿಮೆಯವನಿದ್ದಾನೆ. ಇನ್ನು ಯೆರಿಕೋ ಪಟ್ಟಣದ ಗೋಡೆಯನ್ನು ಮಕ್ಕಳೇ ಲಗೋರಿ ಮಾಡಿಕೊಂಡರು. ಏಳು ಬಿಲ್ಲೆ, ಸುತ್ತಲೂ ಏಳು ಸುತ್ತು, ಆಮೇಲೆ ಚೆಂಡು. ಆರು ದಿನ ಒಂದೊಂದು ಸುತ್ತು, ಏಳನೇ ದಿನ ಏಳು ಸುತ್ತು, ಕೂಡಿಸಿದರೆ ಹದಿಮೂರಾಗಬೇಕು ಎಂದು ಒಬ್ಬ ವಾದ ಹೂಡಿದ. ಅವನ ಮಾತು ಸರಿಯಿತ್ತು. ಹದಿಮೂರು ಸುತ್ತು ಹಾಕಿ ಎಲ್ಲರೂ ದಣಿದು ಮಲಗಿದರು.

ಬಿತ್ತುವವನ ಸಾಮ್ಯ ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಾದುದೇ ಇಲ್ಲ. ಬೀಜ ದಾರಿಯಲ್ಲಿ ಬಿತ್ತು, ಕಲ್ಲುನೆಲದಲ್ಲಿ ಬಿತ್ತು, ಮುಳ್ಳಿನಲ್ಲಿ ಬಿತ್ತು, ಒಳ್ಳೆಯ ನೆಲದಲ್ಲಿ ಬಿತ್ತು. ಮೊದಲ ದಿನವೇ ನಾಲ್ಕು ಹಳೆಯ ಡಬ್ಬಿಗಳಲ್ಲಿ ತುಳಿದು ಗಟ್ಟಿ ಮಾಡಿದ ಮಣ್ಣು, ಗರಸು, ಹುಲ್ಲಿನ ಬೇರು ತುಂಬಿದ ಮಣ್ಣು, ಎರೆಮಣ್ಣು ಹಾಕಿ ಹೆಸರು ಬಿತ್ತಿದ್ದೆವು. ನಾಲ್ಕನೇ ದಿನದ ಹೊತ್ತಿಗೆ ಗರಸಿನಲ್ಲಿ ಬಿದ್ದದ್ದೇ ಮೊದಲು ಎದ್ದು ನಿಂತಿತ್ತು. ಗರಸು ಬೇಗ ಕಾಯುತ್ತದೆ, ಮೊಳಕೆ ಬೇಗ, ಒಣಗುವುದೂ ಬೇಗ. ಕಥೆಯಲ್ಲಿಯೂ ಹಾಗೆಯೇ ಇದೆ, ಮಣ್ಣು ಆಳವಿಲ್ಲದ್ದರಿಂದ ಬೇಗನೆ ಮೊಳೆಯಿತು ಎಂದು. ಹೇಳಿದವನು ಹೊಲ ನೋಡಿದವನು ಎಂದು ಒಬ್ಬ ಒಕ್ಕಲಿಗನ ಮಗ ತೀರ್ಪು ಕೊಟ್ಟ.

ಅವನದೇ ತಕರಾರು ಮುಂದೆ. ಒಳ್ಳೆಯ ನೆಲ ನೂರ್ಮಡಿ ಕೊಟ್ಟಿತಂತೆ. ‘ಒಂದು ಜ್ವಾಳದ ತೆನಿಯೊಳಗs ಸಾವಿರ ಕಾಳ ಇರ್ತಾವ. ನೂರ ಅಂದ್ರ ಏನ್ ದೊಡ್ಡದ್ರಿ?’ ತೆನೆ ತರಿಸಿ ಎಣಿಸಿದೆವು. ಸಾವಿರ ದಾಟಿತು. ಆಮೇಲೆ ಲೆಕ್ಕಕ್ಕೆ ಕುಳಿತೆವು. ಬಿತ್ತಿದ ಕಾಳೆಲ್ಲ ಹುಟ್ಟುವುದಿಲ್ಲ, ಹುಟ್ಟಿದ್ದೆಲ್ಲ ತೆನೆ ಕಟ್ಟುವುದಿಲ್ಲ. ಎಕರೆಗೆ ನಾಲ್ಕು ಕಿಲೊ ಜೋಳ ಬಿತ್ತಿ ಐದು ಕ್ವಿಂಟಲ್ ಬಂದರೆ ನೂರಿಪ್ಪತ್ತೈದು ಮಡಿ. ಗೋಧಿ? ನಲವತ್ತು ಕಿಲೊ ಬಿತ್ತಬೇಕು, ಮಳೆಯನ್ನೇ ನೆಚ್ಚಿದರೆ ಐದು ಕ್ವಿಂಟಲ್ ಬರುವುದೇ ಪುಣ್ಯ. ಅಂದರೆ ಹನ್ನೆರಡೂವರೆ ಮಡಿ. ಯೇಸುವಿನ ನಾಡಿನ ಬೆಳೆ ಗೋಧಿ, ಜವೆ. ಅಲ್ಲಿ ನೂರ್ಮಡಿ ಎಂದಾಗ ಕೇಳುತ್ತಿದ್ದ ರೈತರ ಬಾಯಿ ತೆರೆದಿರಬೇಕು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾರ ನಮ್ಮ ಜ್ವಾಳನs ಬೇಷ್’ ಎಂದ.

ಇಷ್ಟರಲ್ಲಿ ಶಿಬಿರದ ಮಕ್ಕಳು ಇಪ್ಪತ್ತರಿಂದ ಮೂವತ್ತಾಗಿದ್ದರು. ಆಟದ ಸಪ್ಪಳಕ್ಕೆ ಓಣಿಯ ಬೇರೆ ಮನೆಗಳ ಹುಡುಗರೂ ಬಂದು ಗೋಡೆ ಹತ್ತಿ ಕುಳಿತಿದ್ದರು. ಸಭಾಪಾಲಕರು ಅವರನ್ನು ಓಡಿಸಲಿಲ್ಲ, ಹಾಗೆಂದು ಕೂಡಲೇ ಒಳಗೂ ಕರೆಯಲಿಲ್ಲ. ‘ಮನ್ಯಾಗ ಕೇಳ್ಕೊಂಡ ಬರ್ರಿ. ಇಲ್ಲಿ ನಮ್ಮ ದೇವರ ಕಥಿ ಹೇಳ್ತೇವಿ, ಪ್ರಾರ್ಥನಾ ಮಾಡ್ತೇವಿ ಅಂತ ಹೇಳ್ರಿ’ ಎಂದು ಕಳಿಸಿದರು. ಕೆಲವರು ಬಂದರು, ಕೆಲವರು ಬರಲಿಲ್ಲ. ಬಂದವರು ಪ್ರಾರ್ಥನೆಯ ಹೊತ್ತಿಗೆ ಬೇವಿನ ಗಿಡದ ಕೆಳಗೆ ಗೋಲಿ ಆಡಬಹುದಿತ್ತು. ನವಲಗುಂದದ ನಾಗಲಿಂಗಸ್ವಾಮಿ ಮಠದಲ್ಲಿ ಬೈಬಲಿನ ಪ್ರತಿಯೊಂದನ್ನು ಇಟ್ಟು ಭಕ್ತಿಯಿಂದ ಕಾಣುವ ಸೀಮೆ ನಮ್ಮದು. ಆದರೂ ಹಿರಿಯರನ್ನು ಕೇಳಿ ಬಾ ಎಂದು ಹೇಳುವುದೇ ಸರಿ ಎಂದು ನನಗೆ ಅನ್ನಿಸಿತು. ನನ್ನ ಮಗನನ್ನು ಯಾರಾದರೂ ನನಗೆ ತಿಳಿಸದೆ ಕರೆದುಕೊಂಡು ಕೂಡಿಸಿದ್ದರೆ ಎಂದು ಯೋಚಿಸಿ ನೋಡಿದೆ.

ಇನ್ನು ನನ್ನ ತಪ್ಪಿನ ಮಾತು. ನಾಲ್ಕನೇ ದಿನ ಒಂದು ‘ಪ್ರಯೋಗ’ ಮಾಡಿದೆ. ಇಂಥ ಶಿಬಿರಗಳಲ್ಲಿ ಇದು ಬಹಳ ಕಡೆ ನಡೆಯುತ್ತದೆ. ಗಾಜಿನ ಲೋಟದಲ್ಲಿ ತಿಳಿನೀರು, ಅದು ಮನುಷ್ಯನ ಮನಸ್ಸು. ಅದಕ್ಕೆ ನಾಲ್ಕು ಹನಿ ಟಿಂಕ್ಚರ್ ಅಯೋಡಿನ್, ಅದು ಪಾಪ. ನೀರು ಕಂದಾಗುತ್ತದೆ. ಇನ್ನೊಂದು ಬಾಟಲಿಯಿಂದ ಬಣ್ಣವಿಲ್ಲದ ನೀರು ಸುರಿದರೆ ಕಂದು ಬಣ್ಣ ಮಾಯ, ಅದು ದೇವರ ಕೃಪೆ. ಬಾಟಲಿಯಲ್ಲಿ ಇದ್ದದ್ದು ಫೋಟೊ ತೊಳೆಯಲು ಬಳಸುತ್ತಿದ್ದ ಹೈಪೊ, ಅಂದರೆ ಸೋಡಿಯಂ ಥಯೊಸಲ್ಫೇಟ್. ಮಕ್ಕಳು ‘ಹೋ’ ಎಂದು ಕೂಗಿದರು. ನಾನೂ ಉಬ್ಬಿದೆ. ಗುಟ್ಟು ಹೇಳಲಿಲ್ಲ.

ಜುಲೈನಲ್ಲಿ ಏಳನೇ ಇಯತ್ತೆಗೆ ಪಿಷ್ಟದ ಪರೀಕ್ಷೆ ತೋರಿಸುತ್ತಿದ್ದೆ. ಆಲೂಗಡ್ಡೆಯ ಮೇಲೆ ಅಯೋಡಿನ್, ಕಪ್ಪು ನೀಲಿ ಬಣ್ಣ. ಮೇಜಿನ ಮೇಲೆ ಚೆಲ್ಲಿದ ಕಲೆಯನ್ನು ಹೈಪೊದಿಂದ ಒರೆಸಿದೆ. ಶಿಬಿರಕ್ಕೆ ಬಂದಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ‘ಸರ, ಇದು ಅವತ್ತಿನ ನೀರಲ್ರೀ?’ ಹೌದೆಂದೆ. ‘ಅವತ್ತ ನೀವು ಕೃಪಾ ಅಂದ್ರಿ.’ ತರಗತಿ ನಕ್ಕಿತು. ಅವಳು ನಗಲಿಲ್ಲ. ಗಂಟೆ ಬಾರಿಸಿದ ಮೇಲೆ ಬಾಗಿಲ ಬಳಿ ನಿಂತು ಮೆಲ್ಲಗೆ ಕೇಳಿದಳು. ‘ಹಂಗಾರ ಉಳದದ್ದೂ ಹಿಂಗs ಏನ್ರೀ?’

ಉಳಿದದ್ದು ಎಂದರೆ ಅವಳ ಅಜ್ಜಿ ರಾತ್ರಿ ಮಾಡುವ ಪ್ರಾರ್ಥನೆ, ಅವಳು ಕಲಿತ ಹಾಡು, ಎಲ್ಲ. ಅದಕ್ಕೆ ಹೌದು, ಅಲ್ಲ ಎನ್ನುವ ಅಧಿಕಾರ ನನಗಿರಲಿಲ್ಲ. ನನಗೆ ಹೇಳಲು ಇದ್ದದ್ದು ಒಂದೇ. ‘ತಂಗಿ, ಅದು ಬರೀ ಹೋಲಿಕೆ ಇತ್ತು. ಹೋಲಿಕೆ ಅಂತ ನಾ ಹೇಳಬೇಕಾಗಿತ್ತು, ಹೇಳಲಿಲ್ಲ. ತಪ್ಪು ನಂದು.’ ಅವಳು ತಲೆಯಾಡಿಸಿ ಹೋದಳು. ಆ ರವಿವಾರ ಸಭಾಪಾಲಕರಿಗೆ ಇದನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ‘ನಾನೂ ಅಲ್ಲೇ ನಿಂತಿದ್ದೆನಲ್ರಿ, ಚಪ್ಪಾಳಿ ಹೊಡದೆ’ ಎಂದರು ಕೊನೆಗೆ.

ಅಂಥ ಶಿಬಿರ ನಡೆಸುವವರಿಗೆ ನನ್ನದೊಂದು ಬಿನ್ನಹ. ಬಣ್ಣದ ಆಟ ಬೇಕೇ ಬೇಕಾದರೆ ಅರಿಷಿಣ ತೆಗೆದುಕೊಳ್ಳಿ. ಅರಿಷಿಣದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಆರತಿಯ ಓಕುಳಿ ಎಲ್ಲ ಮಕ್ಕಳಿಗೂ ಗೊತ್ತು. ಅದಕ್ಕೆ ಲಿಂಬೆ ಹಿಂಡಿದರೆ ಮತ್ತೆ ಹಳದಿ. ಗುಟ್ಟು ಮೊದಲು ಹೇಳಿ, ಮಕ್ಕಳ ಕೈಯಿಂದಲೇ ಮಾಡಿಸಿ, ಕಥೆಗೆ ಹೋಲಿಕೆ ಆಮೇಲೆ. ಸುಣ್ಣ ಕಣ್ಣಿಗೆ ಸಿಡಿಯದಂತೆ ದೊಡ್ಡವರು ಹತ್ತಿರ ಇರಬೇಕು. ಅಯೋಡಿನ್, ಹೈಪೊ ಮನೆಗೆ ಬೇಡ. ಕುಡಿಯುವ ಲೋಟದಲ್ಲಿ ತಿಳಿನೀರಿನ ಹಾಗೆ ಕಾಣುವ ಔಷಧ ಇಡುವುದು ಮಕ್ಕಳಿರುವ ಜಾಗದಲ್ಲಿ ಎಂದಿಗೂ ಸಲ್ಲ.

ಮರುವರ್ಷದ ಶಿಬಿರದಲ್ಲಿ ಅರಿಷಿಣದ ಆಟ ಆಡಿಸಿದವಳು ಅದೇ ಹುಡುಗಿ. ಸುಣ್ಣದ ಡಬ್ಬಿಯನ್ನು ಮೊದಲೇ ಎಲ್ಲರಿಗೂ ತೋರಿಸಿ, ‘ಇದರಾಗ ಏನೂ ಮಾಟ ಇಲ್ಲ, ನೋಡ್ಕೋರ್ರಿ’ ಎಂದು ಶುರುಮಾಡಿದಳು. ನಾನು ಹಿಂದಿನ ಸಾಲಿನಲ್ಲಿ ಚಿಕ್ಕವರ ಜೊತೆ ಚಾಪೆಯ ಮೇಲೆ ಕುಳಿತಿದ್ದೆ. ನಾವೆಯ ಹಗ್ಗ ಈಗಲೂ ಚರ್ಚಿನ ಹಿಂದಿನ ಕೋಣೆಯಲ್ಲಿ ಗೂಟಕ್ಕೆ ತೂಗುತ್ತಿದೆ. ಚಿಂದಿ ಮೂವತ್ತು ಇರಬೇಕು. ಎಣಿಸಿದರೆ ಇಪ್ಪತ್ತೊಂಬತ್ತೇ ಆಗುತ್ತವೆ. ಯಾರು ಕಟ್ಟುವುದನ್ನು ಬಿಟ್ಟರು ಎಂಬ ಜಗಳ ಪ್ರತಿ ಸೂಟಿಯಲ್ಲೂ ಹೊಸದಾಗಿ ಶುರುವಾಗುತ್ತದೆ.