ಐದರಲ್ಲಿ ನಾಲ್ಕು ಲೆಕ್ಕದ ಚುಕ್ಕಿ

ಹೊಸ ಎಚ್‌ಡಿ ಟಿ.ವಿ. ಮನೆಗೆ ಬಂದಿದೆ. ಕಪಾಟಿನ ತುಂಬ ಹಳೆಯ ಡಿವಿಡಿಗಳಿವೆ. 'ಅಪ್‌ಕನ್ವರ್ಟಿಂಗ್' ಪ್ಲೇಯರ್ ಕೊಂಡರೆ ಅವೂ ಎಚ್‌ಡಿ ಆಗುತ್ತವೆಯೆ? ದುಡ್ಡು ಕೊಡುವ ಮುನ್ನ ಮಕ್ಕಳೂ ಹೆತ್ತವರೂ ಕೂಡಿ ಒಂದು ಗುಣಾಕಾರ ಮಾಡಿ.

ನಮ್ಮಲ್ಲಿ ರೂಢಿಯಲ್ಲಿರುವ ಪಾಲ್ ಪದ್ಧತಿಯ ಡಿವಿಡಿ ಚಿತ್ರದಲ್ಲಿ 576 ಸಾಲು, ಸಾಲಿಗೆ 720 ಚುಕ್ಕಿ; ಒಟ್ಟು 4,14,720. ಫುಲ್ ಎಚ್‌ಡಿ ಪರದೆಯಲ್ಲಿ 1,080 ಸಾಲು, ಸಾಲಿಗೆ 1,920 ಚುಕ್ಕಿ, ಒಟ್ಟು 20,73,600. ಸರಿಯಾಗಿ ಐದು ಪಟ್ಟು! ಉಳಿದ ನಾಲ್ಕು ಪಾಲು ಎಲ್ಲಿಂದ ಬರಬೇಕು? ಲೆಕ್ಕದಿಂದ. ಅಕ್ಕಪಕ್ಕದ ಚುಕ್ಕಿಗಳ ಬೆಳಕು 40 ಮತ್ತು 60 ಇದ್ದರೆ ನಡುವೆ 50 ಇಡುವುದು ಇದರ ಸರಳ ರೂಪ. ಇದರಿಂದ ಅಂಚು ನಯವಾದೀತು. ಡಿಸ್ಕಿನಲ್ಲಿ ಇಲ್ಲದ ವಿವರ ಮಾತ್ರ ಹುಟ್ಟದು.

ಇದೇ ಲೆಕ್ಕವನ್ನು ಟಿ.ವಿ.ಯೂ ಮಾಡುತ್ತದೆ. ಹಾಗಾಗಿ ಪ್ರಶ್ನೆ ಇಷ್ಟೆ: ಯಾರ ಲೆಕ್ಕ ಚೆನ್ನ?

ಈಗಿರುವ ಪ್ಲೇಯರ್‌ನ ಹಿಂಬದಿ ನೋಡಿ. ಎಚ್‌ಡಿಎಂಐ ಕಿಂಡಿ ಇದ್ದರೆ ಹಳದಿ ತಂತಿ ತೆಗೆದು ಅದನ್ನೇ ಬಳಸಿ. ಹಳದಿ ತಂತಿಯಲ್ಲಿ ಬೆಳಕೂ ಬಣ್ಣವೂ ಒಂದೇ ಸಂಕೇತವಾಗಿ ಬೆರೆತು ಬರುವುದರಿಂದ ಚಿತ್ರ ಮಸುಕಾಗುತ್ತದೆ. ಪ್ಲೇಯರ್‌ನ ಸೆಟ್ಟಿಂಗ್‌ನಲ್ಲಿ ಒಮ್ಮೆ 576, ಒಮ್ಮೆ 1080 ಇಟ್ಟು, ಒಂದೇ ದೃಶ್ಯದ ಸಣ್ಣ ಅಕ್ಷರಗಳನ್ನು ಹೋಲಿಸಿ. ಚೆನ್ನಾಗಿ ಕಂಡದ್ದನ್ನು ಉಳಿಸಿಕೊಳ್ಳಿ. ವ್ಯತ್ಯಾಸವೇ ಕಾಣದಿದ್ದರೆ ಟಿ.ವಿ.ಯ ಲೆಕ್ಕವೇ ಸಾಕು. ಕಿಂಡಿಯೇ ಇಲ್ಲದಿದ್ದರೆ ಅದಿರುವ ಸಾಧಾರಣ ಪ್ಲೇಯರ್ ಕೊಂಡರಾಯಿತು. ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರಗಳಿಗೆ ಹೆಚ್ಚು ಹಣ ತೆರಬೇಕಿಲ್ಲ.