ಒಂದು ಪದದಲ್ಲಿ ಎಷ್ಟು ನೀರು?

ಇರೋದು ಒಂದೇ ಬೈಬಲ್, ಮತ್ತೆ ಕ್ರೈಸ್ತರಲ್ಲಿ ಇಷ್ಟೊಂದು ಪಂಗಡ ಯಾಕೆ ಅಂತ ತುಂಬಾ ಜನ ಕೇಳ್ತಾರೆ. ಆದರೆ ಆ ಒಂದು ಬೈಬಲನ್ನು ಹೆಚ್ಚಿನವರು ಓದೋದು ಅನುವಾದದಲ್ಲಿ. ಎಷ್ಟೋ ಜಗಳ ಅಲ್ಲೇ ಇದೆ.

'ಬ್ಯಾಪ್ಟೈಜ್' ಪದವನ್ನೇ ತಗೊಳ್ಳಿ. ಗ್ರೀಕಿನ 'ಬ್ಯಾಪ್ಟಿಜೊ' ಅಂದರೆ ಮುಳುಗಿಸು, ಅದ್ದು. ತೊಳೆಯೋದಕ್ಕೂ ಅದೇ ಪದ ಬರುತ್ತೆ ಅಂತ ಇನ್ನೊಂದು ಕಡೆಯವರ ವಾದ. ಕ್ಯಾಥೊಲಿಕರಿಗೆ ಮಗುವಿನ ತಲೆ ಮೇಲೆ ನೀರು ಹೊಯ್ದರೆ ಸಾಕು. ಬ್ಯಾಪ್ಟಿಸ್ಟರಿಗೆ, ನಂಬಿಕೆ ಬಂದ ಮೇಲೆ ಪೂರ್ತಿ ಮುಳುಗಲೇಬೇಕು. 1611ರ ಕಿಂಗ್ ಜೇಮ್ಸ್ ಬೈಬಲ್ ಅದನ್ನು ಅನುವಾದಿಸುವ ಗೋಜಿಗೇ ಹೋಗದೆ, ಆಗಲೇ ರೂಢಿಯಲ್ಲಿದ್ದ ಆ ಗ್ರೀಕ್ ಮೂಲದ ಪದವನ್ನೇ ಇಟ್ಟುಕೊಂಡಿತು. ಎಲ್ಲರೂ ಅದರೊಳಗೆ ತಮಗೆ ಬೇಕಾದಷ್ಟು ನೀರು ತುಂಬಿಕೊಂಡರು!

ಬಂಗಾಳದಲ್ಲಿ ಬ್ಯಾಪ್ಟಿಸ್ಟ್ ಮಿಷನರಿಗಳು ಹಾಗೆ ಮಾಡಲಿಲ್ಲ. ಬಂಗಾಳಿ ಬೈಬಲಿನಲ್ಲಿ ನೇರವಾಗಿ 'ಮುಳುಗಿಸು' ಅನ್ನೋ ಅರ್ಥದ ಪದ ಹಾಕಿದರು. 1830ರ ದಶಕದಲ್ಲಿ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿ ಇದಕ್ಕೆ ಹಣ ಕೊಡಲ್ಲ ಅಂದಿತು. 1840ರಲ್ಲಿ ಬ್ಯಾಪ್ಟಿಸ್ಟರು ತಮ್ಮದೇ ಬೈಬಲ್ ಟ್ರಾನ್ಸ್‌ಲೇಷನ್ ಸೊಸೈಟಿ ಕಟ್ಟಿಕೊಂಡರು. ಒಂದೇ ಒಂದು ಕ್ರಿಯಾಪದಕ್ಕೆ!

ನನ್ನ ಪ್ರಕಾರ ಬ್ಯಾಪ್ಟಿಸ್ಟರು ಮಾಡಿದ್ದೇ ಹೆಚ್ಚು ಪ್ರಾಮಾಣಿಕ. ಸರಿಯೋ ತಪ್ಪೋ, ತಾವು ಓದಿಕೊಂಡ ಅರ್ಥವನ್ನು ಎದುರಿಗಿಟ್ಟರು, ಒಪ್ಪದವರು ವಾದ ಮಾಡಬಹುದಿತ್ತು. ಪದವನ್ನು ಹಾಗೇ ಬಿಟ್ಟರೆ ತಟಸ್ಥವಾಗಿ ಕಾಣುತ್ತೆ, ಆದರೆ ಅರ್ಥ ಬೇಕಂದ್ರೆ ಓದುಗ ಪಾದ್ರಿಯ ಹತ್ರಾನೇ ಹೋಗಬೇಕು.

ಕನ್ನಡದಲ್ಲಿ ಬಳಕೆಗೆ ಬಂದಿರೋದು 'ದೀಕ್ಷಾಸ್ನಾನ'. ದೀಕ್ಷೆ ನಮ್ಮ ಮಠಗಳಲ್ಲೂ ಇರೋ ಪದ. ಸ್ನಾನ ಅಂದ್ರೆ ಚೊಂಬಿನಲ್ಲಿ ಹೊಯ್ಕೊಳ್ಳೋದೂ ಹೌದು, ಹೊಳೆಯಲ್ಲಿ ಮುಳುಗೋದೂ ಹೌದು. ನಾಲ್ಕು ಹನಿ ಚಿಮುಕಿಸಿಕೊಂಡಿದ್ದನ್ನ ಸ್ನಾನ ಅಂದ್ರೆ ಮಾತ್ರ ನಮ್ಮಜ್ಜಿ ಒಪ್ಪಲ್ಲ.